ವಂದನಾರ್ಪಣೆ ಮುಗಿಯುವ ತನಕ

ದಾವಣಗೆರೆ ಸರಸ್ವತಿ ನಗರದ ನಿಂಗರಾಜು ಮಾಸ್ತರು ಮೂವತ್ಮೂರು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು. ಅದರಲ್ಲಿ ಮೂವತ್ತು ವರ್ಷವನ್ನು ಅವರು ಕುರ್ಚಿಯ ಮೇಲೆ ಕಳೆದರು ಅಂದರೆ ಅವರ ಹೆಂಡತಿ ಮೀನಾಕ್ಷಿಯೂ ಹೌದು ಅನ್ನುತ್ತಾರೆ. ಮೈದಾನದ ಮೂಲೆಯ ಬೇವಿನ ಮರದ ಕೆಳಗೆ ಕುರ್ಚಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಸಣ್ಣ ಬೆತ್ತ. ಸೀಟಿ ಒಂದು ಸಲ ಊದಿದರೆ ಮಕ್ಕಳು ಓಡಬೇಕು, ಎರಡು ಸಲ ಊದಿದರೆ ನಿಲ್ಲಬೇಕು. ಮಾಸ್ತರು ಓಡುವ ಪ್ರಸಂಗ ಬರುತ್ತಲೇ ಇರಲಿಲ್ಲ.

ಅವರು ಓಡಲಿಲ್ಲವೆಂದು ಸರ್ಕಾರಕ್ಕೂ ಬೇಜಾರಿರಲಿಲ್ಲ. ಜನಗಣತಿ ಬಂದರೆ ಮಾಸ್ತರು, ಮತದಾರರ ಪಟ್ಟಿ ಬಂದರೆ ಮಾಸ್ತರು, ಬಿಸಿಯೂಟದ ಮೊಟ್ಟೆ ಸರಿಯಾಗಿ ಬೆಂದಿದೆಯೋ ಇಲ್ಲವೋ ನೋಡಲಿಕ್ಕೂ ಮಾಸ್ತರು. ಇದೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ದೇಶದ ಭಾವೀ ಕ್ರೀಡಾಪಟುಗಳನ್ನು ತಯಾರು ಮಾಡಬೇಕಿತ್ತು. ಉಳಿದ ಹೊತ್ತು ಅನ್ನುವುದು ಎಂದೂ ಇರಲಿಲ್ಲ, ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ.

ಮಾಸ್ತರ ಹೆಸರು ನಿಂತಿದ್ದು ಬೇರೆ ಕಡೆ. ಸಭೆ ಸಮಾರಂಭ ನಡೆಸುವುದರಲ್ಲಿ ಅವರನ್ನು ಮೀರಿಸುವವರು ಹರಿಹರ, ದಾವಣಗೆರೆ ಎರಡೂ ತಾಲೂಕುಗಳಲ್ಲಿ ಇರಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷರ ಮಾತು, ಕೊನೆಗೆ ವಂದನಾರ್ಪಣೆ. ಈ ಕ್ರಮ ಅವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತಿತ್ತು. ಅದಕ್ಕೆ ಅವರೇ ಸೇರಿಸಿದ ಒಂದು ನಿಯಮ ಇತ್ತು. ವಂದನಾರ್ಪಣೆ ಮುಗಿಯುವ ತನಕ ಯಾರೂ ಎದ್ದು ಹೋಗುವಂತಿಲ್ಲ. ಯಾರೂ ಅಂದರೆ ಮಕ್ಕಳು. ಅತಿಥಿಗಳು ತಮ್ಮ ಮಾತು ಮುಗಿದ ಕೂಡಲೇ ಕಾರು ಹತ್ತಿ ಹೋಗುತ್ತಿದ್ದರು. ಬಿಸಿಲಲ್ಲಿ ಕೂತ ಮಗು ಕಿರುಬೆರಳು ಎತ್ತಿದರೆ ಮಾಸ್ತರು ಬಗ್ಗಿ, ಸಿಟ್ಟಿಲ್ಲದೆ, ಒಂದೇ ಮಾತು ಹೇಳುತ್ತಿದ್ದರು: "ಹತ್ತು ನಿಮಿಷ ತಡಿ, ಎಲ್ಲಾ ಮುಗೀತೈತೆ." ಮಾಸ್ತರ ಶಾಲೆಯ ಶಿಸ್ತು ನೋಡಿ ಎಂದು ಅಧಿಕಾರಿಗಳು ಬೇರೆ ಶಾಲೆಗಳಲ್ಲಿ ಹೇಳುತ್ತಿದ್ದರು.

ಇಂಥ ಮಾಸ್ತರಿಗೆ ನಿವೃತ್ತಿಗೆ ಒಂದು ವರ್ಷ ಇದ್ದಾಗ ಒಂದು ಮುಳ್ಳು ಚುಚ್ಚಿತು. ಶಾಲೆಯ ಮುಖ್ಯೋಪಾಧ್ಯಾಯಿನಿ ಶಾಂತಲಾ ಮೇಡಂ ಬಹಳ ಮುಂದಾಲೋಚನೆಯ ಹೆಂಗಸು. ಬೀಳ್ಕೊಡುಗೆಯ ಸನ್ಮಾನ ಪತ್ರಕ್ಕೆ ವಿವರ ಬೇಕೆಂದು ಆಗಲೇ ಒಂದು ಹಾಳೆ ಕೊಟ್ಟರು. ಅದರಲ್ಲಿ "ಪಡೆದ ಪದಕಗಳು" ಎಂಬ ಸಾಲಿತ್ತು. ಮಾಸ್ತರು ಖುಷಿಯಿಂದ ಕೂತು ಕೊಕ್ಕೊ, ಕಬಡ್ಡಿ, ಎತ್ತರ ಜಿಗಿತ ಎಂದು ಪುಟ ತುಂಬಿಸಿದರು. ಮೇಡಂ ಕನ್ನಡಕ ಏರಿಸಿ ಓದಿದರು.

"ಇವೆಲ್ಲಾ ಹುಡುಗರು ಗೆದ್ದಿದ್ದಲ್ವಾ ಸಾರ್? ನಿಮ್ದು ಯಾವ್ದು ಹೇಳ್ರಿ."

ಮಾಸ್ತರು ಹಾಳೆಯನ್ನು ವಾಪಸ್ ತೆಗೆದುಕೊಂಡರು. ಮನೆಗೆ ಬಂದು ಕಪಾಟು ತೆಗೆದರು. ಸನ್ಮಾನದ ಶಾಲುಗಳು ನಲವತ್ಮೂರು ಇದ್ದವು. ಗಂಧದ ಹಾರಗಳು ಇದ್ದವು, ಒಂದರ ಮೇಲೊಂದು ಒತ್ತಿಟ್ಟ ಮೈಸೂರು ಪೇಟಗಳು ಇದ್ದವು. ಓಡಿದ್ದಕ್ಕೆ, ಹಾರಿದ್ದಕ್ಕೆ, ಈಜಿದ್ದಕ್ಕೆ ಅಂತ ಕೊಟ್ಟ ಒಂದು ಬಿಲ್ಲೆಯಷ್ಟು ತಗಡೂ ಇರಲಿಲ್ಲ. ಅವತ್ತು ರಾತ್ರಿ ಅವರಿಗೆ ಊಟ ಸೇರಲಿಲ್ಲ. ಒಂದೇ ಒಂದು ಪದಕ, ತನ್ನ ಕಾಲಿನಿಂದ ಗಳಿಸಿದ್ದು, ನಿವೃತ್ತಿಗೆ ಮುಂಚೆ ಬೇಕೇ ಬೇಕು ಅನ್ನಿಸಿತು.

ಅದೇ ಸಮಯಕ್ಕೆ ಊರಿನ ಡಾಕ್ಟರುಗಳೆಲ್ಲ ಸೇರಿ ಟ್ರಯಥ್ಲಾನ್ ಎಂಬ ಸ್ಪರ್ಧೆ ಹೊರಡಿಸಿದ್ದರು. ಅದರ ಮುಂದಾಳು ಹಲ್ಲಿನ ಡಾಕ್ಟರು ಅಂಜನ್ ಕುಮಾರ್. ಹರಿಹರದಲ್ಲಿ ತುಂಗಭದ್ರೆಯಲ್ಲಿ ಸುಮಾರು ಎರಡು ಕಿಲೋಮೀಟರ್ ಈಜಬೇಕು. ಎದ್ದು ಬಂದು, ಮಲೇಬೆನ್ನೂರಿನ ಕಡೆಯ ಭತ್ತದ ಗದ್ದೆಗಳ ನಡುವೆ ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು ಹರಿಹರಕ್ಕೇ ವಾಪಸ್ ಬರಬೇಕು. ಆಮೇಲೆ ಹಳ್ಳಿ ರಸ್ತೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡಿ ದಾವಣಗೆರೆಯ ಕ್ರೀಡಾಂಗಣ ಮುಟ್ಟಬೇಕು. ಬೆಳಿಗ್ಗೆ ಆರೂವರೆಗೆ ಶುರು, ಮಧ್ಯಾಹ್ನ ಮೂರಕ್ಕೆ ಮುಕ್ತಾಯ. ಮೊದಲು ಬಂದವರಿಗೆ ಏನೇನೋ ಬಹುಮಾನ. ಆದರೆ ಮೂರು ಗಂಟೆಯೊಳಗೆ ಮುಟ್ಟಿದ ಎಲ್ಲರಿಗೂ ಒಂದು ಪದಕ. ಆ ಕೊನೆಯ ಸಾಲು ಓದಿ ಮಾಸ್ತರು ಹೆಸರು ಕೊಟ್ಟುಬಿಟ್ಟರು.

"ಮೂವತ್ಮೂರು ವರ್ಸ ಮಂದಿ ಮಕ್ಕಳನ್ನ ಓಡಿಸಿದ್ರಿ," ಅಂದರು ಮೀನಾಕ್ಷಿ. "ಈಗ ನಿಮ್ಮನ್ನ ಯಾವ ದೆವ್ವ ಓಡುಸ್ತಾ ಐತೆ?"

"ಪದಕ ಬೇಕು ಕಣೆ."

"ಪ್ಯಾಟ್ಯಾಗೆ ಸಿಗ್ತಾವಲ್ರೀ, ಡಜನ್ ಲೆಕ್ಕದಾಗೆ. ಸಾಲಿಗೆ ನೀವೇ ತರ್ತಿದ್ರಲ್ಲ."

ಮಾಸ್ತರು ಮರುದಿನ ನಸುಕಿಗೆ ಎದ್ದು ನಿಜಲಿಂಗಪ್ಪ ಬಡಾವಣೆಯ ತನಕ ಓಡಲು ಹೊರಟು, ಅರ್ಧ ದಾರಿಗೆ ಆಟೋ ಹತ್ತಿ ವಾಪಸ್ ಬಂದರು. ಆದರೆ ಬಿಡಲಿಲ್ಲ. ಈಜು ಅವರಿಗೆ ಭದ್ರಾ ನಾಲೆಯಲ್ಲಿ, ಸೊಂಟಕ್ಕೆ ಡಬ್ಬ ಕಟ್ಟಿಕೊಂಡು ಕಲಿತ ಕಾಲದಿಂದಲೂ ಬರುತ್ತಿತ್ತು. ಸೈಕಲ್ಲನ್ನು ಪರಿಚಯದ ಹುಡುಗನೊಬ್ಬ ಬಳಸಿ ಬಿಟ್ಟದ್ದನ್ನು ತಂದರು. ಡಾಕ್ಟರುಗಳ ಸೈಕಲ್ಲುಗಳೋ, ಎರಡು ಬೆರಳಲ್ಲಿ ಎತ್ತುವಷ್ಟು ಹಗುರ. ಅವುಗಳ ಒಡೆಯರು ಏನೂ ಹಗುರ ಇರಲಿಲ್ಲ. ಒಬ್ಬರು ಹೃದಯದ ಬಡಿತ ತೋರಿಸುವ ಗಡಿಯಾರ ಕಟ್ಟಿದ್ದರು, ಇನ್ನೊಬ್ಬರು ಬೆವರಿನಲ್ಲಿ ಉಪ್ಪು ಎಷ್ಟು ಹೋಯಿತೆಂದು ಮೊಬೈಲಿನಲ್ಲಿ ಬರೆದಿಡುತ್ತಿದ್ದರು. ಮಾಸ್ತರ ಬಳಿ ಇದ್ದದ್ದು ಕೊರಳಿನ ಸೀಟಿ ಮತ್ತು ಜೇಬಿನ ಶೇಂಗಾ ಉಂಡೆ. ಎಂಟು ತಿಂಗಳಲ್ಲಿ ಹೊಟ್ಟೆ ಕರಗಿತು, ಪ್ಯಾಂಟು ಜಾರತೊಡಗಿತು. ಮೀನಾಕ್ಷಿ ಬೈಯುತ್ತಲೇ ಉಂಡೆ ಕಟ್ಟಿಕೊಟ್ಟರು, ಬೈಯುತ್ತಲೇ ರಾತ್ರಿ ಕಾಲಿಗೆ ಎಳ್ಳೆಣ್ಣೆ ತಿಕ್ಕಿದರು.

ಭಾನುವಾರದ ಸ್ಪರ್ಧೆಗೆ ಮೂರು ದಿನ ಇರುವಾಗ ಸರಸ್ವತಿ ನಗರದ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಮಾಸ್ತರ ಇಪ್ಪತ್ತು ವರ್ಷ ಹಿಂದಿನ ಫೋಟೋ, ಎಡಬಲಕ್ಕೆ ಒಂದೊಂದು ಹುಲಿ. ಕೆಳಗೆ ಶುಭ ಕೋರುವ ಇಪ್ಪತ್ತೇಳು ಮುಖ. ನಡುವೆ ದಪ್ಪ ಅಕ್ಷರದಲ್ಲಿ: "ಅತಿ ಕಠಿಣ ಟ್ರಯಥ್ಲಾನ್ ಯಶಸ್ವಿಯಾಗಿ ಪೂರೈಸಿದ ನಮ್ಮ ಹೆಮ್ಮೆಯ ನಿಂಗರಾಜು ಸರ್ ಅವರಿಗೆ ಹಾರ್ದಿಕ ಅಭಿನಂದನೆಗಳು."

"ಇನ್ನೂ ಪೂರೈಸಿಲ್ಲವಲ್ರಪ್ಪಾ!" ಎಂದು ಮಾಸ್ತರು ಗಾಬರಿಯಾದರು.

"ಭಾನುವಾರ ಫ್ಲೆಕ್ಸಿನ ಅಂಗಡಿ ತೆಗಿಯಲ್ಲ ಸಾರ್," ಅಂದ ಫ್ಲೆಕ್ಸ್ ಕಟ್ಟಿಸಿದ ಪಕ್ಕದ ಬೀದಿಯ ಕೊಟ್ಟೂರೇಶ್. "ಅದಕ್ಕೇ ಮುಂಚೇನೇ ಹಾಕ್ಸಿಬಿಟ್ವಿ. ನೀವೇನು ಬಿಡ್ತೀರಾ? ಹೊಡೀತೀರಿ ಬಿಡ್ರಿ."

ಆ ಫ್ಲೆಕ್ಸಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ಹುಣಸೆಕಟ್ಟೆಯ ಬಕ್ಕೇಶನ ಕೈಗೂ ಸಿಕ್ಕಿತು. ಹುಣಸೆಕಟ್ಟೆ ಅಂದರೆ ಮಾಸ್ತರು ಮೊದಲ ಹದಿನಾಲ್ಕು ವರ್ಷ ಕೆಲಸ ಮಾಡಿದ ಹಳ್ಳಿ. ಬಕ್ಕೇಶ ಅವರ ಶಿಷ್ಯ, ಈಗ ಅಲ್ಲಿನ ಹಾಲಿನ ಡೈರಿಯ ಕಾರ್ಯದರ್ಶಿ. ಓಟದ ದಾರಿ ಆ ಹಳ್ಳಿಯ ನಡುವೆಯೇ ಹಾದುಹೋಗುತ್ತಿತ್ತು. ಶುಕ್ರವಾರ ಸಂಜೆ ಬಕ್ಕೇಶನ ಫೋನು ಬಂತು.

"ಸಾರ್, ನಮ್ಮೂರಾಗೆ ಒಂದು ಹಾರ ಹಾಕ್ತೀವಿ. ಒಂದೇ ಒಂದು ನಿಮಿಷ. ಇಲ್ಲ ಅನ್ನಬ್ಯಾಡ್ರಿ."

ಮಾಸ್ತರು ಬೇಡ ಅನ್ನಬಹುದಿತ್ತು. ಓಟದ ಮಧ್ಯೆ ಎಂಥ ಹಾರವಯ್ಯ ಅನ್ನಬಹುದಿತ್ತು. ಆದರೆ ನಲವತ್ಮೂರು ಶಾಲು ಹೊದ್ದ ಹೆಗಲು ಅದು, ಹಾರ ಅಂದ ಕೂಡಲೇ ತಾನಾಗಿ ಬಗ್ಗಿತು.

"ಒಂದು ನಿಮಿಷದ್ದಾದ್ರೂ ಶಿಸ್ತಿನಿಂದ ಮಾಡ್ರಪ್ಪಾ," ಅಂದರು. "ನಿಂಗೆ ಕ್ರಮ ಗೊತ್ತೈತಲ್ಲ?"

"ನೀವೇ ಕಲಿಸಿದ್ದು ಸಾರ್. ಮರೀತೀವಾ?"

ಭಾನುವಾರ ಬೆಳಿಗ್ಗೆ ಹರಿಹರದ ಹೊಳೆದಂಡೆಯಲ್ಲಿ ನೂರಾ ಹತ್ತು ಜನ ಬಣ್ಣದ ಟೋಪಿ ಹಾಕಿಕೊಂಡು ಚಳಿಗೆ ನಡುಗುತ್ತ ನಿಂತಿದ್ದರು. ಬಟ್ಟೆ ಒಗೆಯಲು ಬಂದ ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ನೋಡಿದರು. ಇಷ್ಟು ಓದಿದವರು, ಇಷ್ಟು ಉಂಡು ತಿಂದವರು, ಹೊಳೆ ದಾಟಲು ಸೇತುವೆ ಇದ್ದೂ ಈಜುವುದೇಕೆಂದು ಅವರಿಗೆ ತಿಳಿಯಲಿಲ್ಲ. ಮಾಸ್ತರು ಡಾಕ್ಟರುಗಳಂತೆ ತೋಳು ಬೀಸಿ ಈಜಲಿಲ್ಲ. ತಲೆ ಮೇಲಿಟ್ಟು, ಅತ್ತಿತ್ತ ನೋಡಿಕೊಂಡು, ನಾಲೆಯಲ್ಲಿ ಕಲಿತ ಹಾಗೆ ಒಂದೇ ಸಮ ಕೈಕಾಲು ಆಡಿಸುತ್ತ ಹೋದರು. ಈಜಿಗೆ ಕೊಟ್ಟ ಸಮಯ ಮುಗಿಯಲು ಎಂಟು ನಿಮಿಷ ಇರುವಾಗ ದಡ ಹತ್ತಿದರು. ಅವರ ಹಿಂದೆ ಇದ್ದವನು ಒಬ್ಬನೇ, ಹುಬ್ಬಳ್ಳಿಯಿಂದ ಬಂದಿದ್ದ ಸಂತೋಷ ಎಂಬ ಹುಡುಗ.

ಸೈಕಲ್ಲಿನ ದಾರಿ ಚೆನ್ನಾಗಿತ್ತು. ಎರಡೂ ಕಡೆ ಹಸಿರು ಗದ್ದೆ, ನಾಲೆಯ ಏರಿಯ ಮೇಲೆ ಸಾಲು ತೆಂಗು, ನೀರಿನ ಮೇಲೆ ಬೆಳ್ಳಕ್ಕಿ. ಹೊರಗಿನವರು ನಡುನಡುವೆ ಇಳಿದು ಫೋಟೋ ಹೊಡೆದುಕೊಂಡರು. ಮಾಸ್ತರು ಇಳಿಯಲಿಲ್ಲ. ಆದರೆ ಊರೂರಿಗೆ ಯಾರಾದರೂ ಗುರುತಿನವರು ಅಡ್ಡ ಬಂದು ಒಂದು ಕಡೆ ಮಜ್ಜಿಗೆ, ಒಂದು ಕಡೆ ಎಳನೀರು, ಇನ್ನೊಂದು ಕಡೆ ಪಾನಕ ಎಂದು ಕುಡಿಸಿದರು. ಒಲ್ಲೆ ಅಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಹನ್ನೊಂದೂ ಮುಕ್ಕಾಲಿಗೆ ಹರಿಹರ ಮುಟ್ಟಿ, ಸೈಕಲ್ ಒರಗಿಸಿ, ಮಾಸ್ತರು ಓಡಲು ಶುರುಮಾಡಿದರು. ಕಾಲು ನೋಯುತ್ತಿತ್ತು, ಉಸಿರು ಮಾತ್ರ ಸರಿಯಾಗಿತ್ತು. ಹದಿಮೂರು ಕಿಲೋಮೀಟರ್ ಮುಗಿಸಿ ಹುಣಸೆಕಟ್ಟೆ ಮುಟ್ಟಿದಾಗ ಒಂದೂ ಇಪ್ಪತ್ತು. ಉಳಿದದ್ದು ಎಂಟೇ ಕಿಲೋಮೀಟರ್, ಕೈಯಲ್ಲಿ ನೂರು ನಿಮಿಷ. ಬಿರುಸಾಗಿ ನಡೆದೇ ಹೋದರೂ ಪದಕ ತನ್ನದು ಎಂದು ಮಾಸ್ತರಿಗೆ ಖಾತ್ರಿಯಾಯಿತು. ಅವರ ಕಣ್ಣು ತುಂಬಿತು, ಅದು ಬೆವರೆಂದು ಅವರೇ ಅಂದುಕೊಂಡರು.

ಊರ ನಡುವೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿತ್ತು. ಬಾಳೆಕಂದು, ಮಾವಿನ ತೋರಣ, ಮೈಕು, ವೇದಿಕೆ, ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಎದುರಿಗೆ ಇನ್ನೂರು ಜನ. ಉಳಿದ ಓಟಗಾರರಿಗೆ ಶಾಮಿಯಾನದ ಪಕ್ಕದಲ್ಲಿ, ಸಗಣಿ ತಿಪ್ಪೆಯ ಮಗ್ಗುಲಲ್ಲಿ ದಾರಿ ಬಿಟ್ಟಿದ್ದರು. ಮಾಸ್ತರಿಗೆ ಆ ದಾರಿ ಇರಲಿಲ್ಲ. ಡೊಳ್ಳಿನವರು ಸುತ್ತುವರಿದು ಅವರನ್ನು ವೇದಿಕೆ ಹತ್ತಿಸಿದರು, ನಡುವಿನ ಕುರ್ಚಿಯಲ್ಲಿ ಕೂಡಿಸಿದರು.

"ಒಂದು ನಿಮಿಷ ಅಂದಿದ್ಯಲ್ಲೋ?" ಅಂದರು ಮಾಸ್ತರು.

"ಹಾರ ಹಾಕೋದು ಒಂದೇ ನಿಮಿಷ ಸಾರ್," ಅಂದ ಬಕ್ಕೇಶ. "ಉಳಿದಿದ್ದು ಕಾರ್ಯಕ್ರಮ."

ಮೊದಲು ಪ್ರಾರ್ಥನೆ. ಸ್ತ್ರೀಶಕ್ತಿ ಸಂಘದ ಹೆಂಗಸರು ಒಂದು ನುಡಿಯೂ ಬಿಡದೆ ಹಾಡಿದರು. ಆಮೇಲೆ ಸ್ವಾಗತ, ಬಕ್ಕೇಶ ವೇದಿಕೆಯ ಮೇಲಿನ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ, ಅವರ ಹಿರಿಯರ ಸಮೇತ, ಸ್ವಾಗತಿಸಿದ. ದೀಪ ಗಾಳಿಗೆ ಹತ್ತಲಿಲ್ಲ. ಏಳು ಕಡ್ಡಿ ಗೀಚಿದ ಮೇಲೆ ಯಾರೋ ಮಾಸ್ತರ ಟೋಪಿಯನ್ನೇ ಕಿತ್ತು ಮರೆ ಹಿಡಿದರು. ಹತ್ತಿದ ದೀಪ ಫೋಟೋ ತೆಗೆಯುವಷ್ಟರಲ್ಲಿ ಆರಿತು, ಮತ್ತೆ ಹತ್ತಿಸಿದರು. ಆಮೇಲೆ ಪ್ರಾಸ್ತಾವಿಕ, ಅತಿಥಿಗಳ ಎರಡೆರಡು ಮಾತು, ಸನ್ಮಾನ. ಬೆವರಿನ ಮೈಗೆ ನಲವತ್ನಾಲ್ಕನೆಯ ಶಾಲು ಬಿತ್ತು, ಒದ್ದೆ ತಲೆಗೆ ಪೇಟ ಬಿತ್ತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಮೇಲೆ ಗಾಜು ಹಾಕಿಸಿದ ಅಭಿನಂದನಾ ಪತ್ರ. ಆ ಪತ್ರವನ್ನು ಮೊದಲಿನಿಂದ ಕೊನೆಯ ತನಕ ಓದಲಾಯಿತು. ಮಾಸ್ತರು ಕಣ್ಣಂಚಿನಲ್ಲಿ ಗಡಿಯಾರ ನೋಡಿದರು. ಒಂದೂ ನಲವತ್ತೆಂಟು.

ಅಷ್ಟರಲ್ಲಿ ಅವರಿಗೆ ಇನ್ನೊಂದು ಸಂಕಟ ಶುರುವಾಗಿತ್ತು. ದಾರಿಯುದ್ದಕ್ಕೂ ಕುಡಿದ ಮಜ್ಜಿಗೆ, ಎಳನೀರು, ಪಾನಕ ಮೂರೂ ಈಗ ಒಟ್ಟಿಗೆ ಹೊರದಾರಿ ಕೇಳುತ್ತಿದ್ದವು. ಕಾಲು ಒಂದರ ಮೇಲೊಂದು ಹಾಕಿ ನೋಡಿದರು, ಬಿಗಿಹಿಡಿದು ನೋಡಿದರು. ಕೊನೆಗೆ ತಾಳಲಾರದೆ, ಹಣ್ಣಿನ ಬುಟ್ಟಿಯ ಮರೆಯಿಂದ ಬಕ್ಕೇಶನ ಕಡೆಗೆ ಕಿರುಬೆರಳು ಎತ್ತಿದರು.

ಬಕ್ಕೇಶ ಬಗ್ಗಿ, ಬಹಳ ಭಕ್ತಿಯಿಂದ, ಅವರ ಕಿವಿಯಲ್ಲಿ ಹೇಳಿದ. "ಹತ್ತು ನಿಮಿಷ ಸಾರ್, ಎಲ್ಲಾ ಮುಗೀತೈತೆ. ವಂದನಾರ್ಪಣೆಗೆ ಮುಂಚೆ ನೀವೇ ಎದ್ರೆ ಹೆಂಗೆ?"

ಅಧ್ಯಕ್ಷರ ಮಾತಿಗೆ ಕರಿಯಣ್ಣ ಎದ್ದರು. ಕರಿಯಣ್ಣ ಗ್ರಾಮ ಪಂಚಾಯ್ತಿಯ ಮಾಜಿ ಅಧ್ಯಕ್ಷರು, ಮುಂದೆಯೂ ಆಗಬೇಕೆಂದಿರುವವರು. "ನಿಂಗರಾಜು ಮಾಸ್ತರು ಇವತ್ತು ಓಡ್ತಾ ಅದಾರ," ಎಂದು ಶುರುಮಾಡಿದರು. "ಆದ್ರೆ ನಮ್ಮ ನಾಲೆ ನೀರು ಯಾಕ ಓಡ್ತಾ ಇಲ್ಲ?" ಜನ ಚಪ್ಪಾಳೆ ತಟ್ಟಿದರು. ಕರಿಯಣ್ಣನಿಗೆ ಹುರುಪು ಬಂತು. ನಾಲೆಯ ತಲೆಭಾಗದವರು ಹೇಗೆ ನೀರು ಕದಿಯುತ್ತಾರೆ, ಕೊನೇ ಭಾಗದವರು ಹೇಗೆ ಒಣಗುತ್ತಾರೆ, ತಮ್ಮ ಕಾಲದಲ್ಲಿ ಹೇಗೆ ತೂಬು ತೂಬಿಗೂ ಕಾವಲಿತ್ತು ಎಂದು ವಿವರವಾಗಿ ಹೇಳತೊಡಗಿದರು. ನೀರು, ನೀರು ಎಂದು ಅವರು ಒತ್ತಿ ಹೇಳಿದಷ್ಟೂ ಸಲ ಮಾಸ್ತರು ಹಲ್ಲು ಕಚ್ಚಿದರು.

ಆಗ ಪಕ್ಕದ ತಿಪ್ಪೆಯ ದಾರಿಯಲ್ಲಿ ಹುಬ್ಬಳ್ಳಿಯ ಸಂತೋಷ ಕಾಣಿಸಿಕೊಂಡ. ಅವನಿಗೆ ಒಂದು ಕಾಲು ಹಿಡಿದುಕೊಂಡಿತ್ತು, ಕುಂಟುತ್ತಿದ್ದ. ವೇದಿಕೆಯ ಮೇಲೆ ಪೇಟ ತೊಟ್ಟ ಮಾಸ್ತರನ್ನು ಕಂಡು ಕೈ ಎತ್ತಿ ನಮಸ್ಕರಿಸಿದ. ಕುಂಟುತ್ತಲೇ ಮುಂದೆ ಹೋದ. ಅವನ ಬೆನ್ನು ಸಣ್ಣದಾಗುತ್ತ ಹೋಗುವುದನ್ನು ಮಾಸ್ತರು ನೋಡುತ್ತಲೇ ಇದ್ದರು.

ಎದ್ದು ಓಡಿಬಿಡಲು ಅವರಿಗೇನು ಕಾಲಿರಲಿಲ್ಲವೇ? ಇತ್ತು. ಎರಡು ಸಲ ಕುರ್ಚಿಯ ಕೈ ಹಿಡಿದು ಎದ್ದರು ಕೂಡ. ಆದರೆ ಎದುರಿಗೆ ಕೂತ ಇನ್ನೂರು ಜನರಲ್ಲಿ ಅರ್ಧದಷ್ಟು ಅವರ ಶಿಷ್ಯರು. ಆ ಉರಿ ಮಧ್ಯಾಹ್ನದಲ್ಲಿ, ಕೈಕಟ್ಟಿ, ಒಬ್ಬರೂ ಅಲುಗದೆ ಕೂತಿದ್ದರು. ತಾನು ಎದ್ದರೆ ಇಷ್ಟು ವರ್ಷ ಹೇಳಿದ್ದೆಲ್ಲ ಬುಡಮೇಲು. ಮಾಸ್ತರು ಮತ್ತೆ ಕೂತರು. ಅವರಿಗೆ ತಮ್ಮ ಶಿಸ್ತಿನ ಮೇಲೆ ಮೊದಲ ಬಾರಿಗೆ ಕೆಟ್ಟ ಸಿಟ್ಟು ಬಂತು.

ಎರಡು ಗಂಟೆಗೆ ಒಂದು ನಿಮಿಷ ಇರುವಾಗ ಕರಿಯಣ್ಣ ನೀರು ಕುಡಿಯಲು ಲೋಟ ಎತ್ತಿದರು. ಆಗ ವೇದಿಕೆಯ ಕೊನೆಯ ಕುರ್ಚಿಯಿಂದ ಒಬ್ಬ ಹೆಂಗಸು ಎದ್ದಳು. ಊರಿನ ಅಂಗನವಾಡಿ ಟೀಚರ್ ಅಂಬಿಕಾ. ವಂದನಾರ್ಪಣೆ ಅವಳ ಪಾಲಿಗಿತ್ತು. ಕೈಯಲ್ಲಿ ಎರಡು ಪುಟ ಬರೆದುಕೊಂಡ ಹಾಳೆಯೂ ಇತ್ತು. ಅವಳು ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಮೈಕು ತನ್ನ ಕಡೆ ತಿರುಗಿಸಿಕೊಂಡಳು.

"ಬಂದೋರಿಗೆಲ್ಲ ವಂದನೆ. ಶಾಮಿಯಾನದೋರಿಗೆ ವಂದನೆ, ಮೈಕಿನೋರಿಗೆ ವಂದನೆ. ಇಲ್ಲಿಗೆ ಕಾರ್ಯಕ್ರಮ ಮುಗೀತು."

"ನಂದು ಇನ್ನೂ ಮುಗಿದಿಲ್ಲಲ್ಲವ್ವಾ!" ಅಂದರು ಕರಿಯಣ್ಣ, ಲೋಟ ಹಿಡಿದುಕೊಂಡೇ.

"ನೀವು ಮುಂದುವರಿಸ್ರಿ ಕರಿಯಣ್ಣಾರೇ. ವಂದನಾರ್ಪಣೆ ಆತು. ಏಳ್ರಿ ಸಾರ್."

ಅವಳೇ ಮಾಸ್ತರ ತೊಡೆಯ ಮೇಲಿನ ಬುಟ್ಟಿ ಇಳಿಸಿದಳು, ಹಾರ ತೆಗೆದಳು, ಪೇಟ ತೆಗೆದಳು. ಮೆಟ್ಟಿಲು ಇಳಿಯುವಾಗ ಅವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು. "ಶಾಮಿಯಾನದ ಹಿಂದೆ ನಮ್ಮ ಅಂಗನವಾಡಿದು ಬಚ್ಚಲೈತೆ, ಮೊದ್ಲು ಅಲ್ಲಿಗೆ ಹೋಗ್ರಿ. ನೀವು ಬೆರಳು ಎತ್ತಿದ್ದು ನಾನು ನೋಡ್ದೆ. ನಾನೂ ಎತ್ತಿದ್ದೆ ಸಾರ್, ನಾಕನೇ ಕ್ಲಾಸಿನಾಗೆ, ಆಗಸ್ಟ್ ಹದಿನೈದಕ್ಕೆ. ಹತ್ತು ನಿಮಿಷ ತಡಿ ಅಂದ್ರಿ. ನನ್ನ ಕೈಲಿ ತಡಿಯಾಕ ಆಗ್ಲಿಲ್ಲ. ಎಲ್ರೂ ನಕ್ಕರು. ಆಮೇಲೆ ಹದಿನೈದು ದಿನ ನಾನು ಸಾಲಿ ಕಡೆ ಬರ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಸ್ತರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಎರಡು ದಾಟಿ ಮೂರು ನಿಮಿಷಕ್ಕೆ ಅವರು ಮತ್ತೆ ರಸ್ತೆಗೆ ಬಿದ್ದರು. ನಲವತ್ತು ನಿಮಿಷ ಕುರ್ಚಿಯಲ್ಲಿ ಕೂತ ಕಾಲು ಮರದ ಕೊರಡಾಗಿತ್ತು. ಓಡುತ್ತ ಅವರು ಅಂಬಿಕಾಳ ನಾಲ್ಕನೇ ಕ್ಲಾಸಿನ ಮುಖ ನೆನಪಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಒದ್ದೆ ನೆಲ ನೆನಪಿತ್ತು, ಮಕ್ಕಳು ನಕ್ಕದ್ದು ನೆನಪಿತ್ತು, ತಾನು ಸೀಟಿ ಊದಿ ಸುಮ್ಮನಿರಿಸಿದ್ದು ನೆನಪಿತ್ತು. ಆದರೆ ಅದು ಯಾವ ವರ್ಷ, ಯಾವ ಹುಡುಗಿ? ಅಂಥದ್ದು ಒಂದೇ ಸಲ ಆಗಿರಲಿಲ್ಲ. ಎಷ್ಟು ಸಲ ಆಗಿತ್ತೆಂದು ಯೋಚಿಸುತ್ತ ಹೋದಂತೆ ಮಾಸ್ತರಿಗೆ ನಾಚಿಕೆಯಾಯಿತು. ಮೈಲಿಗಲ್ಲು ಒಂದೊಂದೇ ಹಿಂದೆ ಬಿದ್ದವು, ನಾಚಿಕೆ ಹಿಂದೆ ಬೀಳಲಿಲ್ಲ.

ಕ್ರೀಡಾಂಗಣದ ಗೇಟು ಹೊಕ್ಕಾಗ ಮುಕ್ತಾಯದ ಗೆರೆಯ ಮೇಲಿನ ಗಾಳಿ ತುಂಬಿದ ಕಮಾನು ಆಗಲೇ ನೆಲಕ್ಕೆ ಮಲಗುತ್ತಿತ್ತು. ಮಾಸ್ತರು ಅದನ್ನು ದಾಟಿಕೊಂಡೇ ಗೆರೆ ಮುಟ್ಟಿದರು. ಮೂರು ಗಂಟೆ ನಾಲ್ಕು ನಿಮಿಷ. ಹುಬ್ಬಳ್ಳಿಯ ಸಂತೋಷ ಕೊರಳಲ್ಲಿ ಪದಕ ಹಾಕಿಕೊಂಡು, ಕಾಲು ಚಾಚಿ ನೆಲದ ಮೇಲೆ ಕೂತಿದ್ದ.

ಡಾಕ್ಟರ್ ಅಂಜನ್ ಕುಮಾರ್ ಓಡಿ ಬಂದು ಮಾಸ್ತರ ಕೈ ಹಿಡಿದುಕೊಂಡರು. "ಸೂಪರ್ ಸಾರ್! ಆದ್ರೆ ಮೆಡಲ್ ಕೊಡಾಕ ಬರಲ್ಲ ನೋಡ್ರಿ, ರೂಲ್ಸು. ಬೇಕಾದ್ರೆ ಸ್ಟೇಜಿಗೆ ಬರ್ರಿ, ಒಂದು ಸನ್ಮಾನ ಮಾಡಿಬಿಡಾಣ. ಶಾಲು ರೆಡಿ ಐತೆ."

"ಬ್ಯಾಡ್ರಿ," ಅಂದರು ಮಾಸ್ತರು. "ನಿಮ್ಮ ಕಾಲಿಗೆ ಬೀಳ್ತೀನಿ, ಸನ್ಮಾನ ಮಾತ್ರ ಬ್ಯಾಡ್ರಿ."

ಮೆಟ್ಟಿಲ ಮೇಲೆ ಛತ್ರಿ ಹಿಡಿದು ಕಾಯುತ್ತಿದ್ದ ಮೀನಾಕ್ಷಿಯ ಪಕ್ಕ ಕೂತು ಅವರು ಅತ್ತರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದರು, ಅಂಬಿಕಾ ಹೇಳಿದ್ದನ್ನೂ. ಮೀನಾಕ್ಷಿ ಕರಿಯಣ್ಣನ ಬಾಯಿಗಿಷ್ಟು ಮಣ್ಣು ಹಾಕಿದರು, ಬಕ್ಕೇಶನಿಗೆ ಶಾಪ ಹಾಕಿದರು. ಅಂಬಿಕಾಳ ವಿಷಯಕ್ಕೆ ಬಂದಾಗ ಮಾತ್ರ, "ಆ ಹುಡುಗಿ ತಪ್ಪೇನೂ ಹೇಳಿಲ್ಲ ಬಿಡ್ರಿ," ಅಂದರು, ಸೀರೆ ಸೆರಗಿನಿಂದ ಗಂಡನ ಮುಖ ಒರೆಸುತ್ತ.

ಸರಸ್ವತಿ ನಗರದಲ್ಲಿ ಮಾತ್ರ ಪದಕ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಫ್ಲೆಕ್ಸ್ ಇತ್ತಲ್ಲ. ಯಶಸ್ವಿಯಾಗಿ ಪೂರೈಸಿದ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿರುವಾಗ ಇನ್ನೇನು ಕೇಳುವುದು? ಹಾಲಿನವನು ಕೈ ಕುಲುಕಿದ, ದೋಸೆ ಹೋಟೆಲಿನಲ್ಲಿ ಒಂದು ಮುದ್ದೆ ಬೆಣ್ಣೆ ಜಾಸ್ತಿ ಬಿತ್ತು. ನಾನು ಪೂರೈಸಲಿಲ್ಲ, ನಾಲ್ಕು ನಿಮಿಷ ತಡವಾಯಿತು ಎಂದು ಮಾಸ್ತರು ಹೇಳಿದರೆ, ದೊಡ್ಡವರ ವಿನಯ ಎಂದು ಜನ ಮೆಚ್ಚಿಕೊಂಡರು.

ಗುರುವಾರ ಶಾಲೆಯಲ್ಲಿ ಶಾಂತಲಾ ಮೇಡಂ ಸನ್ಮಾನ ಸಮಾರಂಭ ಇಟ್ಟರು. ಮಾಸ್ತರು ಬೇಡವೆಂದು ಕೈಮುಗಿದರು. "ಮುಖ್ಯ ಅತಿಥಿಗಳಿಗೆ ಹೇಳಿ ಆಗೈತೆ ಸಾರ್," ಅಂದರು ಮೇಡಂ. ಅಲ್ಲಿಗೆ ಮುಗಿಯಿತು. ಮುಖ್ಯ ಅತಿಥಿ ಬಡಾವಣೆಯ ಒಬ್ಬ ಮುಖಂಡರು, ಒಂದು ಗಂಟೆ ತಡವಾಗಿ ಬಂದರು. ಮುನ್ನೂರು ಮಕ್ಕಳು ಮೈದಾನದಲ್ಲಿ ಸಾಲಾಗಿ ಕೂತಿದ್ದರು. ಮಾಸ್ತರ ಕೊರಳಿಗೆ ಹಾರ ಬಿತ್ತು, ನಲವತ್ತೈದನೆಯ ಶಾಲು ಬಿತ್ತು. ಮುಖಂಡರು ಆರೋಗ್ಯವೇ ಭಾಗ್ಯ ಎಂಬ ವಿಷಯದ ಮೇಲೆ ಮಾತು ಶುರುಮಾಡಿದರು.

ಇಪ್ಪತ್ತು ನಿಮಿಷ ಕಳೆದಿರಬೇಕು. ಮೂರನೇ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ಕೂತಲ್ಲೇ ಮಿಸುಕಾಡುತ್ತಿತ್ತು. ಕಿರುಬೆರಳು ಅರ್ಧ ಎತ್ತುತ್ತಿತ್ತು, ಬೇವಿನ ಮರದ ಕೆಳಗಿನ ಕುರ್ಚಿಯತ್ತ ನೋಡಿ ಇಳಿಸುತ್ತಿತ್ತು. ಆ ಕುರ್ಚಿ ಖಾಲಿಯಿತ್ತು. ಆದರೂ ಅದಕ್ಕೆ ಭಯ.

ನಿಂಗರಾಜು ಮಾಸ್ತರು ಎದ್ದು ನಿಂತರು. ಮುಖಂಡರು, ತಮ್ಮ ಮಾತಿಗೆ ಮೆಚ್ಚಿ ಎದ್ದರೆಂದು ತಿಳಿದು, ದನಿ ಏರಿಸಿದರು. ಮಾಸ್ತರು ಶಾಂತಲಾ ಮೇಡಂ ಕಡೆ ತಿರುಗಿ, ಇಡೀ ಮೈದಾನಕ್ಕೆ ಕಾಣುವಂತೆ ಕೈ ಮೇಲೆತ್ತಿ, ಕಿರುಬೆರಳು ತೋರಿಸಿದರು.

ಮೇಡಂ ಮುಖ ಕೆಂಪಾಯಿತು. "ಸಾರ್, ಇನ್ನೊಂದು ಹತ್ತು ನಿಮಿಷ..."

"ತಡಿಯಾಕ ಆಗಲ್ಲ ಮೇಡಂ. ಯಾರಿಗೂ ಆಗಲ್ಲ."

ಬೆರಳು ಎತ್ತಿಕೊಂಡೇ ಅವರು ವೇದಿಕೆ ಇಳಿದರು, ಮೂರನೇ ಸಾಲಿನ ಹತ್ತಿರ ಬಂದು ನಿಂತರು. ಎರಡು ಜಡೆಯ ಹುಡುಗಿ ಅವರ ಬೆರಳನ್ನು ನೋಡಿತು, ಮುಖ ನೋಡಿತು, ಎದ್ದು ಓಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಸಾಲು, ಆಮೇಲೆ ಅರ್ಧ ಶಾಲೆ. ಮುಖಂಡರು ಮೈಕು ಹಿಡಿದು ನಿಂತೇ ಇದ್ದರು. ಮೈದಾನದ ಆಚೆ, ಶೌಚಾಲಯದ ಮುಂದೆ ಹುಡುಗಿಯರದೊಂದು, ಹುಡುಗರದೊಂದು ಉದ್ದನೆಯ ಸಾಲಾಯಿತು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು ಹೊದ್ದ ಮಾಸ್ತರು ಹೋಗಿ ಹುಡುಗರ ಸಾಲಿನ ಕೊನೆಗೆ ನಿಂತರು.